ಸುಟ್ಟ ಗಾಯದ ಕೆಳಗಿನ ಗಾಯ

"ಇನ್ನೊಂದ್ಸಲ ಹೇಳು ಶಿವರಾಜ್. ಈ ಕೈಗೆ ಏನಾಯ್ತು?"

"ಹೇಳಿದ್ನಲ್ಲ ಮೇಡಂ. ಶನಿವಾರ ಫೌಂಡ್ರೀಲಿ ಕಾದ ಕಬ್ಬಿಣದ ರಸ ಹೊಯ್ಯುವಾಗ ಹಾರ್ತು."

"ಹಾರಿ ಎಲ್ಲಿ ಬಿತ್ತು?"

"ಕೈ ಮೇಲೆ."

"ಕೈ ಮೇಲೆ ಮಾತ್ರ. ಕಾಲ ಮೇಲೆ ಬೀಳಲಿಲ್ಲ, ಪ್ಯಾಂಟಿಗೆ ತೂತಾಗಲಿಲ್ಲ. ಸೀದಾ ನಿನ್ನ ಬೆರಳ ಗೆಣ್ಣು ಹುಡುಕ್ಕೊಂಡು ಬಂದು ಕೂತ್ಕೊಂತು. ಅಲ್ವಾ ಮಾರಾಯ?"

ಶಿವರಾಜ್ ಗೋಡೆಯ ಕಡೆ ಮುಖ ತಿರುಗಿಸಿದ. ಬೆಳಗ್ಗಿನಿಂದ ಅವನು ಆ ಗೋಡೆಯ ಜೊತೆಗೇ ಮಾತಾಡುತ್ತಿದ್ದ.

ಡಾಕ್ಟರ್ ಶ್ರೀಗೌರಿಗೆ ರೇಗಿಹೋಯಿತು. ಶಿವಮೊಗ್ಗದ ಈ ತುರ್ತು ಚಿಕಿತ್ಸೆಯ ವಾರ್ಡಿಗೆ ಬಂದ ಮೇಲೆ ಅವಳು ಗಾಯಗಳಿಗಿಂತ ಹೆಚ್ಚು ನೋಡಿದ್ದು ಸುಳ್ಳುಗಳನ್ನು. ಗಂಡ ಹೊಡೆದು ಕೆನ್ನೆಯ ಮೂಳೆ ಮುರಿದಿದ್ದರೂ ಬಾತ್‌ರೂಮಿನಲ್ಲಿ ಜಾರಿದೆ ಎನ್ನುವ ಹೆಂಗಸರು. ದಾಯಾದಿ ಕಚ್ಚಿದ್ದನ್ನು ಬೀದಿನಾಯಿಯ ತಲೆಗೆ ಕಟ್ಟುವ ಗಂಡಸರು. ಈ ಜಿಲ್ಲೆಯ ಬಾತ್‌ರೂಮುಗಳಿಗೆಲ್ಲ ಹೆಂಗಸರ ಕೆನ್ನೆಯ ಮೇಲೆ ಅದೇನು ದ್ವೇಷವೋ ಎಂದು ಅವಳಿಗೆ ಎಷ್ಟೋ ಸಲ ಅನಿಸಿತ್ತು. ಸುಳ್ಳು ಹೇಳುವವರು ಹೇಳಿ ಹೋಗುತ್ತಾರೆ, ಆ ಸುಳ್ಳಿಗೆ ತಕ್ಕ ಔಷಧಿ ಕೊಟ್ಟು ಕೈ ಕೊಳೆಸಿದರೆ ಬೈಗುಳ ಮಾತ್ರ ಡಾಕ್ಟರಿಗೆ.

ಸಾಲದ್ದಕ್ಕೆ ಈ ಗಾಯದ ಮೇಲೆ ದಪ್ಪಗೆ ಟೂತ್‌ಪೇಸ್ಟ್ ಬಳಿದಿದ್ದರು. ಅದರ ಮೇಲೆ ಅರಿಶಿನ. ನರ್ಸ್ ಮಂಜುಶ್ರೀ ಸಲೈನ್ ಸುರಿದು ಸುರಿದು ಅದನ್ನು ತೊಳೆಯುವಷ್ಟರಲ್ಲಿ ಸಾಕಾಗಿಹೋಗಿದ್ದಳು.

"ಯಾವ ಪುಣ್ಯಾತ್ಮರು ಹಚ್ಚಿದ್ದು ಇದನ್ನ?" ಶ್ರೀಗೌರಿ ಕೇಳಿದಳು.

"ಮನೇಲಿ."

"ಮನೇಲಿ ಅಂದ್ರೆ ಯಾರು, ಗೋಡೆನಾ?"

ಬಾಗಿಲ ಬಳಿ ನಿಂತಿದ್ದ ಅವನ ತಂಗಿ ಅಮೂಲ್ಯ ತಲೆ ತಗ್ಗಿಸಿದಳು. ಅಣ್ಣನನ್ನು ಬೆಳಗ್ಗೆ ಆಟೋದಲ್ಲಿ ಕರೆತಂದವಳು ಅವಳೇ. ಅಣ್ಣ ಮಾಚೇನಹಳ್ಳಿಯ ಫೌಂಡ್ರಿಯಲ್ಲಿ ಮರಳಿನ ಅಚ್ಚು ಮಾಡುವವನು, ತಂಗಿ ಅದೇ ಫೌಂಡ್ರಿಯ ಆಫೀಸಿನಲ್ಲಿ ಕೂರುವವಳು. ಇಬ್ಬರೂ ಸೇರಿ ಬೆಳಗ್ಗಿನಿಂದ ಆಡಿದ ಮಾತನ್ನು ಒಂದು ಉಸಿರಿನಲ್ಲಿ ಹೇಳಿ ಮುಗಿಸಬಹುದಿತ್ತು.

ಪರದೆಯ ಆಚೆ ಬೂಟುಗಳು ಅತ್ತಿಂದಿತ್ತ ತಿರುಗುತ್ತಿದ್ದವು. ಅವು ಇನ್‌ಸ್ಪೆಕ್ಟರ್ ಷಡಕ್ಷರಪ್ಪನವರವು. ಭಾನುವಾರ ಮಧ್ಯಾಹ್ನ ಅದೇ ಫೌಂಡ್ರಿಯ ಹಿಂದಿನ ಅಂಗಳದಲ್ಲಿ ಮಾಲೀಕ ವಿಜಯಕುಮಾರ್ ಮುಖ ಒಡೆದು ಬಿದ್ದಿದ್ದ. ಯಾರು ಹೊಡೆದರೆಂದು ಹೇಳಲು ಅವನಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಫೌಂಡ್ರಿಯವನೊಬ್ಬ ಕೈ ಊದಿಸಿಕೊಂಡು ಆಸ್ಪತ್ರೆಗೆ ಬಂದಿದ್ದಾನೆಂದು ತಿಳಿದದ್ದೇ ತಡ, ಇನ್‌ಸ್ಪೆಕ್ಟರ್ ಭದ್ರಾವತಿಯಿಂದ ಜೀಪು ಓಡಿಸಿಕೊಂಡು ಬಂದಿದ್ದರು.

ಶ್ರೀಗೌರಿ ದೀಪವನ್ನು ಹತ್ತಿರ ಎಳೆದು ಗಾಯದ ಮೇಲೆ ಬಗ್ಗಿದಳು.

ಫೌಂಡ್ರಿಯ ಸುಟ್ಟ ಗಾಯಗಳು ಅವಳಿಗೆ ಹೊಸತಲ್ಲ. ಕಾದ ಕಬ್ಬಿಣ ಹನಿ ಹನಿಯಾಗಿ ಹಾರುತ್ತದೆ. ಬಿದ್ದ ಕಡೆ ಸಣ್ಣ ಗುಂಡಿ ಕೊರೆಯುತ್ತದೆ, ಬೂಟಿನೊಳಗೆ ಇಳಿದು ಪಾದ ಸುಡುತ್ತದೆ, ಕುತ್ತಿಗೆಗೆ ಸಿಡಿಯುತ್ತದೆ. ಇಲ್ಲಿ ಒಂದೂ ಗುಂಡಿ ಇರಲಿಲ್ಲ. ಬೆರಳುಗಳ ಹಿಂಭಾಗದ ಉಬ್ಬುಗಳಷ್ಟೇ ಒಂದೇ ಮಟ್ಟಕ್ಕೆ ಬೆಂದಿದ್ದವು. ಬೆರಳುಗಳ ನಡುವಿನ ಸಂದುಗಳಲ್ಲಿ ಚರ್ಮಕ್ಕೆ ಬಿಸಿ ತಾಕಿದ ಗುರುತೇ ಇಲ್ಲ. ಮುಷ್ಟಿ ಬಿಗಿಹಿಡಿದು, ಕಾದ ಚಪ್ಪಟೆ ಲೋಹದ ಮೇಲೆ ಒತ್ತಿದರೆ ಮಾತ್ರ ಹೀಗೆ ಸುಡುತ್ತದೆ. ಬೆಂದ ಚರ್ಮದ ಅಂಚಿನಲ್ಲಿ ಕಪ್ಪು ಜಿಡ್ಡು ಅಂಟಿಕೊಂಡಿತ್ತು. ಅವಳು ಅದನ್ನು ಹತ್ತಿಯಲ್ಲಿ ಒರೆಸಿ ಮೂಗಿನ ಹತ್ತಿರ ಹಿಡಿದಳು. ಹಳೇ ಎಣ್ಣೆಯ ವಾಸನೆ ಬಂತು.

"ನಿಮ್ಮನೇಲಿ ದೋಸೆ ಯಾವಾಗ ಮಾಡಿದ್ರಿ?"

ಶಿವರಾಜ್ ಥಟ್ಟನೆ ತಿರುಗಿದ.

"ಕಾವಲಿ ಜಿಡ್ಡು ಮಾರಾಯ ಇದು. ಫೌಂಡ್ರೀಲಿ ದೋಸೆ ಹುಯ್ಯಲ್ಲ ಅಂತ ನನಗೂ ಗೊತ್ತು. ಕೈನ ಕಾವಲಿ ಮೇಲೆ ಇಟ್ಟಿದೀಯ. ಬೇಕು ಅಂತಲೇ ಇಟ್ಟಿದೀಯ. ಅಲ್ಲಿ ಏನಿತ್ತು, ಅದನ್ನ ಸುಟ್ಟು ಮುಚ್ಚೋದಕ್ಕೆ?"

ಬಾಗಿಲ ಬಳಿ ಅಮೂಲ್ಯ ದುಪಟ್ಟಾದ ತುದಿಯನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದಳು.

"ಮುಷ್ಟಿ ಕಟ್ಟು, ಎಷ್ಟಾಗತ್ತೋ ಅಷ್ಟು."

ಬೆರಳು ಚಾಚಿದಾಗ ಕಾಣದ ಗಾಯ ಬೆರಳು ಮಡಿಸಿದಾಗ ಹೊರಬರುತ್ತದೆ, ಚರ್ಮ ಸರಿದು ಒಳಗಿನ ಸೀಳು ಮೇಲಕ್ಕೆ ಬರುತ್ತದೆ. ಶಿವರಾಜ್ ಹಲ್ಲು ಕಚ್ಚಿಕೊಂಡು ಅರ್ಧ ಮುಷ್ಟಿ ಕಟ್ಟಿದ. ನಡುಬೆರಳ ಗೆಣ್ಣಿನ ಪಕ್ಕದಲ್ಲಿ, ಬೆಂದ ಚರ್ಮದ ಕೆಳಗೆ, ಸಣ್ಣದೊಂದು ಸೀಳು ಬಾಯಿ ತೆರೆಯಿತು. ಒಳಗಿಂದ ಕೀವು ಜಿನುಗಿತು.

"ಇದು ಹಲ್ಲಿನ ಗಾಯ," ಎಂದಳು ಶ್ರೀಗೌರಿ.

ಪರದೆ ಸರ್ರನೆ ಸರಿಯಿತು. "ಹಲ್ಲಾ? ಹಲ್ಲು ಅಂದ್ರಾ ಡಾಕ್ಟ್ರಮ್ಮ?"

"ಸಾರ್, ಹೊರಗಡೆ ಇರಿ ಅಂದಿದ್ದೆ."

"ಇದ್ದೆನಲ್ಲ. ಹೊರಗಿದ್ದೇ ಕೇಳಿಸ್ಕೊಂಡೆ." ಷಡಕ್ಷರಪ್ಪನವರ ಮುಖ ಅರಳಿತ್ತು. "ಮಾಲೀಕನ ಬಾಯಿಗೆ ಗುದ್ದಿದಾನೆ, ಹಲ್ಲು ನಾಟಿದೆ, ಮನೆಗೆ ಹೋಗಿ ಕೈ ಸುಟ್ಕೊಂಡಿದಾನೆ. ಮುಗೀತಲ್ಲ. ಮೂರು ದಿನದಿಂದ ನನ್ನ ಪ್ರಾಣ ತಿಂದ ಕೇಸು ಇದು."

ಶ್ರೀಗೌರಿ ಅವರ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳ ಕಣ್ಣು ನಡುಬೆರಳಿನ ಮೇಲಿತ್ತು. ಅದು ಬುಡದಿಂದ ತುದಿಯವರೆಗೆ ಒಂದೇ ದಪ್ಪಕ್ಕೆ ಊದಿ ಅರ್ಧ ಬಾಗಿ ನಿಂತಿತ್ತು. ಅವಳು ಅದರ ತುದಿಯನ್ನು ಮೆಲ್ಲಗೆ ಎತ್ತಿ ನೇರ ಮಾಡಲು ನೋಡಿದಳು. ಶಿವರಾಜ್ ಹಾಸಿಗೆಯಿಂದ ಅರ್ಧ ಎದ್ದುಬಿಟ್ಟ.

"ಕೇಳಿಲ್ಲಿ," ಎಂದು ಅವಳು ಸ್ಟೂಲ್ ಎಳೆದು ಕುಳಿತಳು. ಧ್ವನಿ ತಗ್ಗಿತ್ತು. "ಬೆರಳು ಬಗ್ಗಿಸೋ ಹುರಿ ಇದೆಯಲ್ಲ, ಅದು ಒಂದು ಕೊಳವೆಯೊಳಗೆ ಓಡಾಡತ್ತೆ. ನಿನ್ನ ಆ ಕೊಳವೆ ತುಂಬ ಕೀವಾಗಿದೆ. ಮನುಷ್ಯರ ಬಾಯಲ್ಲಿರೋ ಕೊಳಕು ನಾಯಿ ಬಾಯಿಗೆ ಏನೂ ಕಮ್ಮಿ ಇಲ್ಲ. ಸಂಜೆ ಒಳಗೆ ಬೆರಳು ತೆರೆದು ತೊಳೀಬೇಕು. ಇಲ್ಲದಿದ್ರೆ ಆ ಹುರಿ ಸಾಯತ್ತೆ, ಆಮೇಲೆ ಬೆರಳು, ಆಮೇಲೆ ಅಂಗೈ. ನೀನು ಅಚ್ಚು ಮಾಡೋನು. ಬಲಗೈ ಇಲ್ಲದೆ ಏನ್ಮಾಡ್ತೀಯ?"

ಅವನು ಊದಿದ ಕೈಯನ್ನು ಎದೆಗೆ ಎಳೆದುಕೊಂಡ.

"ಔಷಧಿ ಹಾಕಿದೀನಿ. ಇಡ್ಲಿ ತಿಂದ್ಕೊಂಡು ಬಂದಿದೀಯ, ಅದು ಹೊಟ್ಟೆಯಿಂದ ಇಳೀಬೇಕು. ಅಷ್ಟರಲ್ಲಿ ವಿಷ್ಣುಪ್ರಸಾದ್ ಸರ್ ಬರ್ತಾರೆ, ಆಪರೇಷನ್ ಅವರೇ ಮಾಡ್ತಾರೆ. ಇಲ್ಲೊಂದು ಸಹಿ ಹಾಕು, ಎಡಗೈಲೇ ಹಾಕು."

"ಬೇಡ."

"ಏನು ಬೇಡ?"

"ಆಪರೇಷನ್ ಬೇಡ. ದಾವಣಗೆರೆಗೆ ಕಳ್ಸಿ. ಮಣಿಪಾಲಕ್ಕಾದ್ರೂ ಕಳ್ಸಿ. ಇಲ್ಲಿ ಬೇಡ."

"ಇಲ್ಲೇನು ಚಾಕು ಮೊಂಡಾಗಿದೆಯಾ?"

"ಬೇಡ ಮೇಡಂ."

ಹೇಳಿದಳು, ಬೈದಳು, ಕೊನೆಗೆ ಬೇಡಿಕೊಂಡಳು ಕೂಡ. ದಾವಣಗೆರೆಗೆ ಮುಟ್ಟಿ, ಅಲ್ಲಿಯವರು ಮತ್ತೆ ಮೊದಲಿನಿಂದ ನೋಡಿ, ಥಿಯೇಟರ್ ಖಾಲಿಯಾಗುವಷ್ಟರಲ್ಲಿ ಬೆರಳು ಕೈಬಿಟ್ಟಿರುತ್ತದೆ ಎಂದು ಬಿಡಿಸಿ ಹೇಳಿದಳು. ಇಲ್ಲಿ ಈ ಕೆಲಸ ಬಲ್ಲ ಇನ್ನೊಬ್ಬ ಸರ್ಜನ್ ಮಗಳ ಮದುವೆಗೆಂದು ರಜೆ ಹಾಕಿ ಹೋಗಿದ್ದರು. ಶಿವರಾಜ್ ಜಪ್ಪಯ್ಯ ಅಂದರೂ ಪೆನ್ನು ಮುಟ್ಟಲಿಲ್ಲ. ಪೊಲೀಸರ ಹೆದರಿಕೆಗೆ ಊರು ಬಿಡಲು ನೋಡುತ್ತಿದ್ದಾನೆ ಎಂದುಕೊಂಡಳು ಶ್ರೀಗೌರಿ. ಜೈಲಿನ ಭಯಕ್ಕೆ ಕೈ ಕಳೆದುಕೊಳ್ಳಲು ಹೊರಟವನನ್ನು ನೋಡಿ ಅವಳಿಗೆ ಅಳು ಮತ್ತು ಸಿಟ್ಟು ಒಟ್ಟೊಟ್ಟಿಗೆ ಬಂದವು.

"ಬನ್ನಿ ಡಾಕ್ಟ್ರಮ್ಮ," ಎಂದರು ಷಡಕ್ಷರಪ್ಪ. "ನಿಮ್ಮ ಡ್ಯೂಟಿ ಮುಗೀತಲ್ಲ. ಭದ್ರಾವತಿಗೆ ಹೋಗಿ ವಿಜಯಕುಮಾರ್ ಹಲ್ಲು ನೋಡಿ. ಯಾವ ಹಲ್ಲು ಮುರಿದಿದೆ ಅಂತ ನಿಮ್ಮ ಬಾಯಲ್ಲೇ ಹೇಳ್ಬಿಡಿ. ಆಮೇಲೆ ಇವನು ಹೆಂಗೆ ಸಹಿ ಹಾಕಲ್ಲ ನೋಡ್ತೀನಿ."

ಊಟವನ್ನೂ ಮಾಡದೆ ಅವಳು ಜೀಪು ಹತ್ತಿದಳು. ಕೈಗೆ ತಗುಲಿದ್ದು ಯಾವ ಬಾಯಿಯ ಸೋಂಕು ಎಂದು ಗೊತ್ತಾದರೆ ಔಷಧಿಗೂ ಅನುಕೂಲ, ಸುಳ್ಳು ಮುರಿದರೆ ಹುಡುಗನ ಹಟವೂ ಮುರಿದೀತು ಎಂಬ ಆಸೆ.

ಬಿ.ಎಚ್. ರಸ್ತೆಯ ಉದ್ದಕ್ಕೂ ಷಡಕ್ಷರಪ್ಪ ಗೊಣಗಿದರು. ಎಸ್‌ಪಿ ಸಾಹೇಬರು ದಿನಕ್ಕೆ ಹತ್ತು ಸಲ ಫೋನ್ ಮಾಡುತ್ತಾರಂತೆ. ಫೌಂಡ್ರಿಯವರನ್ನು ಕೇಳಿದರೆ ಯಾರೂ ಏನೂ ನೋಡಿಲ್ಲವಂತೆ. ಭಾನುವಾರ ಫೌಂಡ್ರಿಗೆ ರಜೆ, ಹಾಗಾಗಿ ಅಲ್ಲಿ ಇರಲೇ ಇಲ್ಲವೆಂದು ಎಲ್ಲರೂ ಒಂದೇ ರಾಗ ಹಾಡುತ್ತಾರಂತೆ.

"ವಿಜಯಕುಮಾರ್‌ನ ಆಸ್ಪತ್ರೆಗೆ ಸೇರಿಸಿದ್ದು ಯಾರು ಸಾರ್?" ಎಂದು ಅವಳು ನಡುವೆ ಕೇಳಿದಳು.

"ಯಾರೋ ಆಂಬುಲೆನ್ಸಿಗೆ ಫೋನ್ ಮಾಡಿದಾರೆ. ಆಫೀಸಿನ ಲ್ಯಾಂಡ್‌ಲೈನಿಂದಲೇ. ಹೆಸರು ಹೇಳಿಲ್ಲ. ನಿಮ್ಮ ಶಿವರಾಜನೇ ಮಾಡಿರ್ತಾನೆ, ಹೊಡೆದ ಮೇಲೆ ಹೆದರಿಕೆ ಆಗಿರತ್ತೆ."

"ನನ್ನ ಶಿವರಾಜ ಅಲ್ಲ ಸಾರ್ ಅವನು."

"ಯಾರ ಶಿವರಾಜನೋ. ಒಟ್ಟು ಮುಗೀಲಿ."

ಭದ್ರಾವತಿಯ ನರ್ಸಿಂಗ್ ಹೋಮಿನ ಮಹಡಿಯ ಕೋಣೆಯಲ್ಲಿ ವಿಜಯಕುಮಾರ್ ಮಲಗಿದ್ದ. ಎಡಗೆನ್ನೆ ಒಳಗೆ ಕುಸಿದು ಕಣ್ಣು ಊದಿ ಮುಚ್ಚಿಹೋಗಿತ್ತು. ಮೇಲಿನ ಸಾಲಿನ ಹಲ್ಲನ್ನೂ ಕೆಳಗಿನ ಸಾಲಿನ ಹಲ್ಲನ್ನೂ ಸಣ್ಣ ತಂತಿಗಳಿಂದ ಒಂದಕ್ಕೊಂದು ಬಿಗಿದಿದ್ದರು, ಮುರಿದ ದವಡೆ ಅಲುಗಾಡದೆ ಕೂಡಿಕೊಳ್ಳಲೆಂದು.

ಡಾಕ್ಟರ್ ವಿಷ್ಣುಪ್ರಸಾದ್ ಹಾಸಿಗೆಯ ಪಕ್ಕದಲ್ಲಿ ನಿಂತು ತಂತಿಗಳನ್ನು ಪರೀಕ್ಷಿಸುತ್ತಿದ್ದರು. ಶಿವಮೊಗ್ಗ, ಭದ್ರಾವತಿ ಎರಡೂ ಕಡೆ ಒಡೆದ ಮುಖ, ಹರಿದ ಕೈ ಎಂದರೆ ಜನರ ಬಾಯಿಗೆ ಮೊದಲು ಬರುವ ಹೆಸರು ಅವರದು. ಶ್ರೀಗೌರಿಗೆ ಪಾಠ ಹೇಳಿದವರು. ಹೇಳಿದ ಹೊತ್ತಿಗೆ ಒಂದು ದಿನವೂ ಬಂದವರಲ್ಲ, ಆದರೆ ಬಂದ ಮೇಲೆ ಅವರ ಕೈ ನೋಡುತ್ತಿದ್ದರೆ ಕಾದಿದ್ದ ಸಿಟ್ಟು ಇಳಿದುಹೋಗುತ್ತಿತ್ತು.

"ಏನಮ್ಮ ಶ್ರೀಗೌರಿ, ನೀನು ಇಲ್ಲಿ?"

"ಇವರ ಹಲ್ಲು ನೋಡೋಕೆ ಬಂದೆ ಸರ್."

ವಿಷ್ಣುಪ್ರಸಾದ್ ನಕ್ಕು, ಸ್ಕ್ಯಾನಿನ ಚಿತ್ರಗಳನ್ನು ಕಂಪ್ಯೂಟರ್ ಪರದೆಯ ಮೇಲೆ ತೆರೆದರು. ಅವಳು ಮೊದಲು ಪರದೆಯನ್ನು ನೋಡಿದಳು. ಆಮೇಲೆ ಟಾರ್ಚು ಹಿಡಿದು ಬಾಯಿಯನ್ನೇ ನೋಡಿದಳು. ಮುಂದಿನ ಹಲ್ಲುಗಳು ಸಾಲಾಗಿ, ಚೂರೂ ಮುಕ್ಕಾಗದೆ ಇದ್ದವು. ತುಟಿಯ ಒಳಭಾಗದಲ್ಲಿ ಸಣ್ಣ ಗೀರೂ ಇಲ್ಲ. ಹಲ್ಲು ನಾಟುವಷ್ಟು ಬಲವಾಗಿ ಬಾಯಿಗೆ ಗುದ್ದಿದರೆ ನಡುವೆ ಸಿಕ್ಕ ತುಟಿ ಹರಿಯದೆ ಇರುವುದಿಲ್ಲ.

"ಈ ಬಾಯಿಗೆ ಯಾರೂ ಗುದ್ದಿಲ್ಲ ಸಾರ್," ಎಂದಳು ಷಡಕ್ಷರಪ್ಪನವರಿಗೆ.

ಅವರ ಮುಖ ನೋಡುವಂತಿತ್ತು. "ಹಂಗಂದ್ರೆ?"

"ಹಂಗಂದ್ರೆ ಶಿವರಾಜನ ಕೈಲಿರೋದು ಇವರ ಹಲ್ಲಿನ ಗುರುತಲ್ಲ. ಕೆನ್ನೆ ನೋಡಿ. ಮೂಳೆ ಇಡೀ ತುಂಡಾಗಿ ಒಳಗೆ ಹೋಗಿದೆ, ಮೇಲಿನ ಚರ್ಮ ಗೆರೆ ಎಳೆದ ಹಾಗೆ ಸೀಳಿದೆ. ಇದು ಸಲಾಕೆ ಪೆಟ್ಟು. ಅಲ್ವಾ ಸರ್?"

ಅವಳು ವಿಷ್ಣುಪ್ರಸಾದರ ಕಡೆ ತಿರುಗಿದಳು. ಅವರು ಕನ್ನಡಕ ಒರೆಸುತ್ತಿದ್ದರು.

"ಮುಷ್ಟಿಯಿಂದಲೂ ಆಗಬಹುದು," ಎಂದರು.

ಮುಷ್ಟಿಯ ಪೆಟ್ಟಿಗೂ ಸಲಾಕೆಯ ಪೆಟ್ಟಿಗೂ ಇರುವ ವ್ಯತ್ಯಾಸವನ್ನು ಅವಳು ಕಲಿತದ್ದೇ ಇವರಿಂದ, ಅದೂ ತಪ್ಪು ಹೇಳಿದಾಗ ಎಲ್ಲರೆದುರು ಮಂಗಳಾರತಿ ಮಾಡಿಸಿಕೊಂಡು. ವಯಸ್ಸಾಯಿತು, ದಣಿದಿದ್ದಾರೆ, ಪೊಲೀಸರ ಮುಂದೆ ಖಡಾಖಂಡಿತ ಹೇಳಲು ಇಷ್ಟವಿಲ್ಲ ಎಂದುಕೊಂಡು ಅವಳು ಟಾರ್ಚು ಆರಿಸಿದಳು. ಹಿರಿಯರು ಕೂಡ ಹೀಗೆ ಜಾರಿಕೊಂಡರೆ ಕಿರಿಯರು ಯಾರ ಹತ್ತಿರ ಹೋಗಬೇಕು ಎಂದು ಬೇಸರವೂ ಆಯಿತು.

"ಕೇಳಿದ್ರಲ್ಲ, ಮುಷ್ಟಿಯಿಂದಲೂ ಆಗಬಹುದಂತೆ," ಎಂದು ಷಡಕ್ಷರಪ್ಪ ಮತ್ತೆ ಚೇತರಿಸಿಕೊಂಡರು. "ಇವರು ಯಾವಾಗ ಮಾತಾಡ್ತಾರೆ ಡಾಕ್ಟ್ರೇ?"

"ಇನ್ನೂ ಕೆಲವು ದಿನ ನಿದ್ದೆಯಲ್ಲೇ ಇಡ್ತೀನಿ. ಎಚ್ಚರ ಆಗಿ ಗಾಬರಿಯಿಂದ ದವಡೆ ಎಳೆದಾಡಿದ್ರೆ ನಾನು ಮಾಡಿದ್ದೆಲ್ಲ ಹಾಳಾಗತ್ತೆ." ಅವರು ಶ್ರೀಗೌರಿಯ ಕಡೆ ನೋಡಿದರು. "ನೀನು ಫೋನ್‌ನಲ್ಲಿ ಹೇಳಿದ ಕೈ ಆ ಫೌಂಡ್ರಿ ಹುಡುಗಂದೇನಾ?"

"ಹೌದು ಸರ್. ಸುಟ್ಟ ಗಾಯ ಅಂದ್ಕೊಂಡಿದ್ದೆ. ಕೆಳಗಡೆ ಹಲ್ಲಿನ ಗುರುತಿದೆ, ಭಾನುವಾರದ್ದೇ ಇರಬೇಕು. ಬೆರಳ ಕೊಳವೆಗೆ ಕೀವು ಇಳಿದಿದೆ."

"ಏನಾಯ್ತು ಅಂತ ಹೇಳಿದ್ನಾ?"

"ಬಾಯಿ ಬಿಡ್ತಿಲ್ಲ ಸರ್. ಸಹಿ ಕೂಡ ಹಾಕ್ತಿಲ್ಲ."

"ಹೆದರಿಕೊಂಡಿರ್ತಾನೆ." ವಿಷ್ಣುಪ್ರಸಾದ್ ಕನ್ನಡಕ ಹಾಕಿಕೊಂಡರು. "ಕೈ ಮಾತ್ರ ಮರಗಟ್ಟಿಸೋದು ಬೇಡ, ಪೂರ್ತಿ ಅರಿವಳಿಕೆ ಕೊಟ್ಟೇ ಮಾಡೋಣ. ನಾನು ಬೇಗ ಬರ್ತೀನಿ."

ಬೇಗ ಬರುತ್ತೇನೆ ಎಂಬ ಮಾತನ್ನು ಅವರ ಬಾಯಿಂದ ಕೇಳಿ ಶ್ರೀಗೌರಿಗೆ ಸಮಾಧಾನವಾಯಿತು. ಅಷ್ಟರಮಟ್ಟಿಗೆ ದಿನ ಸುಧಾರಿಸಿತು ಎನ್ನಿಸಿತು.

ವಾಪಸು ಬಂದಾಗ ಶಿವರಾಜನ ಕೈ ಇನ್ನಷ್ಟು ಊದಿತ್ತು. ಅವಳು ಕೈಚೀಲವನ್ನು ಮೂಲೆಗೆ ಎಸೆದು ಸೀದಾ ಹಾಸಿಗೆಯ ಹತ್ತಿರ ಹೋದಳು.

"ಎಲ್ಲಿ ನೋಯ್ತಿದೆ? ಸುಟ್ಟ ಕಡೆನಾ?"

"ಇಲ್ಲ. ಅಂಗೈ ಕಡೆ."

ಅವಳ ಕೈ ಹಾಗೇ ನಿಂತಿತು. ಗಾಯವೆಲ್ಲ ಕೈಯ ಹಿಂಭಾಗದಲ್ಲಿದೆ. ಗುದ್ದಿದವನಿಗೆ ಗಾಯವಾಗುವುದು ಹಿಂಭಾಗದಲ್ಲಿ ಮಾತ್ರ. ಆದರೆ ಬೆರಳು ಬಗ್ಗಿಸುವ ಹುರಿ ಇರುವುದು ಅಂಗೈ ಕಡೆ. ಕೀವು ಅಲ್ಲಿಗೆ ಹೋದದ್ದು ಹೇಗೆ ಎಂದು ಬೆಳಗ್ಗೆಯೇ ಕೇಳಿಕೊಳ್ಳಬೇಕಿತ್ತು. ಹಲ್ಲಿನ ಗಾಯ ಸಿಕ್ಕ ಖುಷಿಯಲ್ಲಿ ಅವಳು ಕೈಯನ್ನು ಮಗುಚಿ ಸರಿಯಾಗಿ ನೋಡಿಯೇ ಇರಲಿಲ್ಲ. ತನ್ನ ಮೇಲೆಯೇ ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು.

"ಮಂಜುಶ್ರೀ, ಸೋಪಿನ ನೀರು. ಬ್ರಶ್ಶು."

ಅಚ್ಚಿನ ಮರಳು ತಿಕ್ಕಿ ತಿಕ್ಕಿ ಕಪ್ಪಾಗಿ ದಡ್ಡುಗಟ್ಟಿದ ಅಂಗೈ ಅದು. ತೊಳೆದಂತೆ ಕಪ್ಪು ನೀರು ಇಳಿಯಿತು. ನಡುಬೆರಳಿನ ಬುಡದಲ್ಲಿ ಕಮಾನಿನಂತೆ ಬಾಗಿದ ಸಣ್ಣ ಸಣ್ಣ ಗುರುತುಗಳು ಎದ್ದು ಬಂದವು. ಕೈಯ ಹಿಂಭಾಗದ ಸೀಳು ಮೇಲಿನ ಹಲ್ಲಿನದು, ಅಂಗೈ ಕಡೆಯ ಗುರುತು ಕೆಳಗಿನ ಹಲ್ಲಿನದು. ಇದನ್ನು ಮಾಡಿದವರ ದವಡೆ ಚಿಕ್ಕದು.

"ನೀನು ಯಾರಿಗೂ ಗುದ್ದಿಲ್ಲ," ಎಂದಳು. "ನಿನ್ನನ್ನ ಕಚ್ಚಿದಾರೆ. ಕಿರುಚೋಕೆ ತೆಗೆದ ಬಾಯಿನ ನೀನು ಕೈಯಿಂದ ಮುಚ್ಚಿದೀಯ, ಬೆರಳು ಒಳಗೆ ಸಿಕ್ಕೊಂಡಿದೆ. ಯಾರ ಬಾಯಿ ಶಿವರಾಜ್?"

ಶಿವರಾಜ್ ಒಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ಅವಳ ಹಿಂದೆ ಬಂದು ನಿಂತಿದ್ದ ಷಡಕ್ಷರಪ್ಪನವರನ್ನು ನೋಡಿದ.

"ಸಾರ್, ನಾನೇ ಹೊಡೆದಿದ್ದು."

"ಏನಂದೆ?"

"ಮಾಲೀಕರಿಗೆ ಹೊಡೆದಿದ್ದು ನಾನೇ. ಬರ್ಕೊಳ್ಳಿ. ಈಗಲೇ ಸ್ಟೇಷನ್ನಿಗೆ ಕರ್ಕೊಂಡು ಹೋಗಿ. ಆಪರೇಷನ್ ಮಾತ್ರ ಬೇಡ."

"ಅಣ್ಣಾ," ಎಂದಳು ಬಾಗಿಲ ಬಳಿಯಿಂದ ಅಮೂಲ್ಯ.

"ನೀನು ಸುಮ್ನಿರು."

ಷಡಕ್ಷರಪ್ಪ ಆಗಲೇ ಜೇಬಿನಿಂದ ಮೊಬೈಲ್ ತೆಗೆದಿದ್ದರು. "ಇನ್ನೇನು ಬೇಕು ಡಾಕ್ಟ್ರಮ್ಮ? ಅವನೇ ಒಪ್ಕೊಂಡ. ಸಾಹೇಬರಿಗೆ ಒಂದು ಫೋನ್ ಮಾಡಿ ಬರ್ತೀನಿ." ಅವರು ಹೆಜ್ಜೆ ಬೀಸಿ ಕಾರಿಡಾರಿಗೆ ಹೋದರು.

ಶ್ರೀಗೌರಿ ಪರದೆ ಎಳೆದಳು. ಅವಳಿಗೆ ಈಗ ತಲೆ ಚಿಟ್ಟು ಹಿಡಿದಿತ್ತು.

"ನಿನಗೆ ಬುದ್ಧಿ ನೆಟ್ಟಗಿದೆಯಾ? ಬೆಳಗ್ಗಿಂದ ನಾನು ಏನಂದ್ಕೊಂಡಿದ್ದೆ, ಜೈಲಿಗೆ ಹೆದರಿ ಆಪರೇಷನ್ ಬೇಡ ಅಂತಿದಾನೆ ಅಂತ. ಈಗ ಜೈಲಿಗೆ ನೀನೇ ಬಾಗಿಲು ತೆಗೀತಿದೀಯ, ಆಪರೇಷನ್ ಮಾತ್ರ ಬೇಡ ಅಂತೀಯ. ಹಾಗಾದ್ರೆ ನಿನಗೆ ಪೊಲೀಸರ ಹೆದರಿಕೆ ಅಲ್ಲ. ಏನು ಮತ್ತೆ? ಕೈ ಹೋಗ್ತಿದೆ ಕಣೋ. ನಾನು ಯಾರ ಹತ್ತಿರ ಹೇಳ್ಕೊಂಡು ಅಳಲಿ?"

ಶಿವರಾಜನ ಕಣ್ಣಲ್ಲಿ ನೀರು ತುಂಬಿತು, ಆದರೂ ಅವನು ಮತ್ತೆ ಗೋಡೆಯ ಕಡೆ ತಿರುಗಿದ.

ಅಮೂಲ್ಯ ಬಾಗಿಲು ಬಿಟ್ಟು ಒಳಗೆ ಬಂದಳು. "ನಾನು ಕಚ್ಚಿದ್ದು ಮೇಡಂ."

"ಅಮ್ಮೂ, ಬೇಡ."

"ನಿನ್ನ ಕೈ ಹೋಗ್ತಿದೆ ಅಣ್ಣ. ಇನ್ನೂ ಎಷ್ಟು ಸುಮ್ನಿರಲಿ?" ಅವಳು ಶ್ರೀಗೌರಿಯ ಕಡೆ ತಿರುಗಿದಳು. "ಭಾನುವಾರ ನನ್ನ ಫೋನ್ ಚಾರ್ಜರ್ ಆಫೀಸಲ್ಲೇ ಬಿಟ್ಟಿದ್ದೆ. ತರೋಕೆ ಹೋದ್ವಿ, ಇಬ್ಬರೂ. ಹಿಂದಿನ ಅಂಗಳದಲ್ಲಿ ದುಡ್ಡಿನ ವಿಚಾರಕ್ಕೆ ಜಗಳ ಕೇಳಿಸ್ತು. ಅಚ್ಚಿನ ಪೆಟ್ಟಿಗೆಗಳ ಸಂದಿಯಿಂದ ನೋಡಿದ್ವಿ. ಸಲಾಕೆ ಬೀಸಿದ್ದು ಕಾಣಿಸ್ತು. ನಾನು ಕಿರುಚೋಕೆ ಹೋದೆ, ಅಣ್ಣ ಬಾಯಿ ಮುಚ್ಚಿದ. ನಂಗೆ ಉಸಿರು ಕಟ್ಟಿ ಏನೂ ತೋಚಲಿಲ್ಲ, ಕಚ್ಚಿಬಿಟ್ಟೆ."

"ಅಣ್ಣ ಯಾಕೆ ಮುಚ್ಚಿದ?"

"ಕಿರುಚಿದ್ರೆ ಹೊಡೆದವರು ನಮ್ಮನ್ನ ನೋಡ್ತಿದ್ರು. ಆದ್ರೂ ಏನೋ ಸದ್ದು ಕೇಳಿಸಿರಬೇಕು, ಸಲಾಕೆ ಹಿಡ್ಕೊಂಡೇ ಪೆಟ್ಟಿಗೆಗಳ ಹತ್ತಿರದ ತನಕ ಬಂದಿದ್ರು. ಅಣ್ಣನ ರಕ್ತ ಅಲ್ಲೇ ಮರಳಲ್ಲಿ ಬಿದ್ದಿತ್ತು, ಅದನ್ನ ಅವರು ನೋಡಿರಬೇಕು. ಅದಕ್ಕೇ ಗಾಯ ಯಾರಿಗೂ ಕಾಣಬಾರದು ಅಂತ ಕಾವಲಿ ಕಾಯಿಸಿದ್ವಿ. ಫೌಂಡ್ರಿಯವನ ಕೈ ಸುಟ್ಟಿದ್ರೆ ಯಾರೂ ಏನೂ ಕೇಳಲ್ಲ ಅಂದ್ಕೊಂಡ್ವಿ."

"ಪೊಲೀಸರಿಗೆ ಯಾಕೆ ಹೇಳಲಿಲ್ಲ?"

"ಯಾರು ನಂಬ್ತಾರೆ ಮೇಡಂ?" ಈ ಸಲ ಮಾತಾಡಿದ್ದು ಶಿವರಾಜ್. "ನೀವು ನಂಬ್ತೀರಾ?"

"ಹೆಸರು ಹೇಳು, ಆಮೇಲೆ ನೋಡೋಣ."

ಅಮೂಲ್ಯಳೇ ತಡವರಿಸುತ್ತ ಹೇಳಿದಳು.

"ಮಾಲೀಕರು ಎಚ್ಚರ ತಪ್ಪಿ ಬಿದ್ದ ಮೇಲೆ ಹೊಡೆದವರೇ ಆಫೀಸಿನ ಫೋನಿಂದ ಆಂಬುಲೆನ್ಸ್ ಕರೆದ್ರು. ಆಮೇಲೆ ಭದ್ರಾವತೀಲಿ ಆಪರೇಷನ್ ಮಾಡಿದ್ದೂ ಅವರೇ. ಬಾಯಿಗೆ ತಂತಿ ಕಟ್ಟಿದ್ದೂ ಅವರೇ ಮೇಡಂ."

ಸಾಧ್ಯವಿಲ್ಲ ಎಂಬ ಮಾತು ಶ್ರೀಗೌರಿಯ ಬಾಯಿಗೆ ಬಂದೇ ಬಂತು. ಆದರೆ ಮುಷ್ಟಿಯಿಂದಲೂ ಆಗಬಹುದು ಎಂದ ಆ ಮೆಲುದನಿ ಇನ್ನೂ ಕಿವಿಯಲ್ಲಿತ್ತು. ನಿದ್ದೆಯಲ್ಲೇ ಇಡುತ್ತೇನೆ ಎಂದದ್ದೂ ಇತ್ತು. ಭಾನುವಾರದ ಹಲ್ಲಿನ ಗುರುತಿರುವ ಫೌಂಡ್ರಿಯ ಹುಡುಗ ಎಲ್ಲಿ ಮಲಗಿದ್ದಾನೆಂದು ಅವರಿಗೆ ಅವಳೇ ತನ್ನ ಬಾಯಾರೆ ಹೇಳಿ ಬಂದಿದ್ದಳು.

ಅವಳು ಶಿವರಾಜನ ನಡುಬೆರಳಿನ ತುದಿಯನ್ನು ಒತ್ತಿ ಬಿಟ್ಟಳು. ಬಿಳಿಚಿದ ಉಗುರಿಗೆ ರಕ್ತ ಮರಳಲು ಬಹಳ ಹೊತ್ತು ಹಿಡಿಯಿತು.

"ಕೈ ಹೋದ್ರೆ ಹೋಗ್ಲಿ ಮೇಡಂ," ಎಂದ ಶಿವರಾಜ್. "ಅವರ ಮುಂದೆ ನಾನು ನಿದ್ದೆ ಹೋಗಲ್ಲ."

"ನಿನ್ನನ್ನ ದಾವಣಗೆರೆಗೆ ಕಳಿಸ್ತೀನಿ. ಈಗಲೇ. ನಾನೇ ಜೊತೆಗೆ ಬರ್ತೀನಿ. ಮಂಜುಶ್ರೀ, ಆಂಬುಲೆನ್ಸ್ ಹೇಳು."

ಮಂಜುಶ್ರೀ ಪರದೆ ಸರಿಸಿ ಇಣುಕಿದಳು. "ಯಾಕೆ ಮೇಡಂ? ವಿಷ್ಣುಪ್ರಸಾದ್ ಸರ್ ಆಗಲೇ ಬಂದ್ರಲ್ಲ. ಇವತ್ತು ಹೇಳಿದ್ದಕ್ಕಿಂತ ಮುಂಚೆನೇ ಬಂದಿದಾರೆ."

ಅವಳ ಹಿಂದೆಯೇ ಹಸಿರು ಗೌನು ಹಾಕಿಕೊಂಡ ವಿಷ್ಣುಪ್ರಸಾದ್ ನಿಂತಿದ್ದರು. ಅವರ ಪಕ್ಕದಲ್ಲಿ ಷಡಕ್ಷರಪ್ಪ, ಸಾಹೇಬರ ಶಹಬ್ಬಾಸ್‌ಗಿರಿಯಿಂದ ಕೆಂಪಾದ ಮುಖ ಹೊತ್ತುಕೊಂಡು.

"ಇನ್ನೂ ಸಹಿ ಹಾಕಿಲ್ವಾ ಶ್ರೀಗೌರಿ?"

"ಇಲ್ಲ ಸರ್. ಇವನನ್ನ ಹೊರಗಡೆ ಕಳಿಸ್ತಿದೀನಿ. ಅವನು ಒಪ್ತಿಲ್ಲ."

"ಅವನ ಒಪ್ಪಿಗೆ ಯಾರಿಗೆ ಬೇಕು?" ಎಂದರು ಷಡಕ್ಷರಪ್ಪ ಜೇಬಿನಿಂದ ಪೆನ್ನು ತೆಗೆಯುತ್ತ. "ತಪ್ಪೊಪ್ಪಿಕೊಂಡ ಮೇಲೆ ಇವನು ನನ್ನ ಕಸ್ಟಡಿ. ಸಹಿ ನಾನು ಹಾಕ್ತೀನಿ. ಕೈ ಕೊಳೆತು ಸತ್ತುಗಿತ್ತು ಹೋದ್ರೆ ಉತ್ತರ ಕೊಡಬೇಕಾದವನು ನಾನು. ತಗೊಂಡು ಹೋಗಿ ಡಾಕ್ಟ್ರೇ."

ಇಬ್ಬರು ವಾರ್ಡ್‌ಬಾಯ್‌ಗಳು ಬಂದು ಸ್ಟ್ರೆಚರಿನ ಬ್ರೇಕು ಬಿಡಿಸಿದರು. ಶಿವರಾಜ್ ಏಳಲು ನೋಡಿದ. ಕಾನ್‌ಸ್ಟೇಬಲ್ ಒಬ್ಬ ಅವನ ಎಡಗೈಯನ್ನು ಸ್ಟ್ರೆಚರಿನ ಸರಳಿಗೆ ಸೇರಿಸಿ ಕೋಳ ಹಾಕಿದ.

ವಿಷ್ಣುಪ್ರಸಾದ್ ಊದಿದ ಬಲಗೈಯನ್ನು ಎತ್ತಿ, ತೊಳೆದು ಶುಭ್ರವಾದ ಅಂಗೈಯನ್ನು ಬೆಳಕಿಗೆ ತಿರುಗಿಸಿದರು. ಬಾಗಿದ ಆ ಗುರುತುಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಲೆ ಎತ್ತಿ ಅಮೂಲ್ಯಳ ಬಾಯಿಯನ್ನು ನೋಡಿದರು.

"ಹೆದರಬೇಡಪ್ಪ," ಎಂದರು ಶಿವರಾಜನ ಭುಜ ತಟ್ಟುತ್ತ. "ಒಂದೇ ಒಂದು ಇಂಜೆಕ್ಷನ್. ಆಮೇಲೆ ನಿನಗೆ ಏನೂ ಗೊತ್ತಾಗಲ್ಲ."